ಹಸಿರು ಬಳೆಯ ಅಳತೆ

ಹೆಂಡತಿಯ ನಿವೃತ್ತಿ ಹತ್ತಿರ ಬಂದಂತೆ ನನ್ನ ನಿದ್ದೆ ಹಾರಿಹೋಯಿತು. ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು. ನರ್ಸ್ ಕೆಲಸ ಮಾಡಿದವರು ನಿಂತಲ್ಲೇ ನಿದ್ದೆ ತೆಗೆಯುವ ವಿದ್ಯೆ ಕಲಿತಿರುತ್ತಾರೆ. ಸಂಭ್ರಮವೆಲ್ಲ ನನ್ನದೇ. ಅವಳ ಕೈತುಂಬ ಹಸಿರು ಗಾಜಿನ ಬಳೆ ನೋಡಬೇಕು, ಅವು ಅವಳ ಕೈಯಲ್ಲೇ ಉಳಿಯಬೇಕು. ನನಗೆ ಬೇಕಾಗಿದ್ದು ಇಷ್ಟೇ.

ಇಷ್ಟಕ್ಕೆ ನಿವೃತ್ತಿಯವರೆಗೆ ಕಾಯಬೇಕೇ ಎನ್ನಬೇಡಿ. ಅವಳು ಹೆರಿಗೆ ಕೋಣೆಯ ನರ್ಸ್. ಅಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಬೇಕು, ಕೈಮೇಲೆ ಏನೂ ಇರಬಾರದು. ಮದುವೆಯಾಗಿ ವಾರ ಕಳೆಯುವುದರೊಳಗೆ ಬಬಲೇಶ್ವರದ ದವಾಖಾನೆಗೆ ಹೊರಟು ನಿಂತವಳು, ಮದುವೆಯ ಬಳೆಗಳನ್ನು ಒಂದೊಂದೇ ತೆಗೆದು ನನ್ನ ಕೈಗಿಟ್ಟಳು. ರಜೆಯಲ್ಲಾದರೂ ಹಾಕಿಕೋ ಎಂದರೆ, ಯಾವಾಗ ಕರೆ ಬರುತ್ತದೋ, ತೆಗೆಯುತ್ತ ಕೂರಲು ಪುರುಸೊತ್ತೆಲ್ಲಿ ಎನ್ನುವಳು. ನಾನೋ ವಿಜಯಪುರದ ಸ್ಟೇಷನ್ ರಸ್ತೆಯ ಸೀರೆ ಅಂಗಡಿಯವನು. ಊರ ಹೆಣ್ಣುಮಕ್ಕಳೆಲ್ಲ ಸೀರೆಯ ಅಂಚಿಗೆ ಬಳೆ ಹಿಡಿದು, ಹೊಂದುತ್ತದೋ ಇಲ್ಲವೋ ಎಂದು ನನ್ನನ್ನೇ ಕೇಳುವರು. ದಿನವಿಡೀ ಹೊಂದುತ್ತದೆ, ಹೊಂದುತ್ತದೆ ಎಂದು ಹೇಳಿ ಮನೆಗೆ ಬಂದರೆ ಹೆಂಡತಿಯದು ಬರಿಗೈ.

ಒಮ್ಮೆ ಬಬಲೇಶ್ವರದಲ್ಲಿ ಒಂದು ಕುಬಸಕ್ಕೆ ಹೋಗಿದ್ದೆವು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸುವ ಕಾರ್ಯ. ಇವಳು ಯಾವುದೋ ಹೆರಿಗೆ ಮುಗಿಸಿ ನೇರ ಬಂದಿದ್ದಳು. ಬೆವರಿಗೆ ಕುಂಕುಮ ಅಳಿಸಿತ್ತು, ತಾಳಿ ಸೆರಗಿನೊಳಗೆ ಸೇರಿತ್ತು. ಅರಿಶಿನ ಕುಂಕುಮ ಕೊಡುತ್ತಿದ್ದ ಮುದುಕಿ ಇವಳ ಬರಿಗೈ ನೋಡಿ ದಾಟಿ ಮುಂದೆ ಹೋದಳು. ಆಮೇಲೆ ನನ್ನ ಹತ್ತಿರ ಬಂದು, “ಪಾಪ, ತಂಗಿ ಏನಪಾ ನಿನಗ?” ಎಂದಳು. ನನ್ನ ಪಿತ್ತ ನೆತ್ತಿಗೇರಿತು. ನಾನು ಗಂಡ, ಗುಂಡುಕಲ್ಲಿನ ಹಾಗೆ ಬದುಕಿದ್ದೇನೆ ಎಂದು ಕೂಗಿಯೇಬಿಡುತ್ತಿದ್ದೆ, ಅಷ್ಟರಲ್ಲಿ ಇವಳು ಅಂಗಿ ಹಿಡಿದು ಹೊರಗೆಳೆದಳು. ದಾರಿಯುದ್ದಕ್ಕೂ ನಕ್ಕಳು. ಆದರೆ ಮತ್ತೆ ಯಾವ ಕುಬಸಕ್ಕೂ ಬರಲಿಲ್ಲ. ನಕ್ಕವಳಿಗೆ ನೋವಾಗಿಲ್ಲ ಎಂದುಕೊಳ್ಳುವಷ್ಟು ದಡ್ಡ ನಾನಲ್ಲ.

ಕೊನೆಯ ದಿನ, ಆಮೇಲೆ ವರ್ಗವಾಗಿ ಹೋಗಿದ್ದ ತಿಕೋಟಾದ ದವಾಖಾನೆಯ ಅಂಗಳದಲ್ಲಿ ಬೀಳ್ಕೊಡುಗೆ. ಅವಳ ಕೈಕೆಳಗೆ ಪಳಗಿದ ಕಿರಿಯ ನರ್ಸ್ ಒಬ್ಬಳಿದ್ದಾಳೆ, ಹೊಸದಾಗಿ ಮದುವೆಯಾದವಳು. ಅವಳನ್ನು ನಾನು ಮೊದಲೇ ಒಳಗೆ ಹಾಕಿಕೊಂಡಿದ್ದೆ. ಊರಿನ ಬಳೆಗಾರ್ತಿಯನ್ನು ಕರೆಸುವುದು ಅವಳ ಪಾಲಿಗೆ. ಬಳೆ ಮಾತ್ರ ನಾನೇ ಆರಿಸಬೇಕೆಂಬ ಹಟ. ಪೆಟ್ಟಿಗೆಯಲ್ಲಿಟ್ಟಿದ್ದ ಮದುವೆಯ ಬಳೆಯೊಂದನ್ನು ಅಳತೆಗೆ ಒಯ್ದು, ಸ್ಟೇಷನ್ ರಸ್ತೆಯನ್ನೆಲ್ಲ ಜಾಲಾಡಿ ಅದೇ ಹಸಿರು ಹುಡುಕಿ ತಂದೆ. ಸ್ಕೂಟರಿನ ಡಿಕ್ಕಿಯಲ್ಲಿ ಬಳೆ, ಕಾಲ ಬಳಿ ಹೋಳಿಗೆ ಡಬ್ಬಿ. ತಿಕೋಟಾ ಮುಟ್ಟುವವರೆಗೆ ಒಂದೊಂದು ಗುಂಡಿಗೂ ಜೀವ ಹೋಗಿ ಬರುತ್ತಿತ್ತು.

ಹಾರ, ಶಾಲು, ಭಾಷಣ ಮುಗಿದವು. ಬಳೆಗಾರ್ತಿ ಬುಟ್ಟಿ ಇಳಿಸಿ ಎದುರಿಗೆ ಕೂತಳು. ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು. ಮಂದಿಯ ಮುಂದೆ ಏನೂ ಅನ್ನಲಾಗದೆ ಕೈ ಚಾಚಿದಳು. ಬಳೆಗಾರ್ತಿ ಒತ್ತಿದಳು, ಹಿಚುಕಿದಳು, ಸೋಪು ಹಚ್ಚಿದಳು. ನಾನು ತಂದ ಬಳೆ ಗೆಣ್ಣು ದಾಟಲೊಲ್ಲದು.

ಇದು ಯಾರ ಅಳತೆ ಎಂದು ಬಳೆಗಾರ್ತಿ ಕೇಳಿದಳು. ಮದುವೆಯ ಬಳೆಯದು ಎಂದೆ.

“ಆ ಕೈ ಈಗ ಎಲ್ಲೈತ್ರಿ ಯಜಮಾನ್ರ? ಮಂದಿ ಕೂಸು ಎತ್ತಿ ಎತ್ತಿ ಬಲತೈತಿ.”

ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ, ಮತ್ತೇನು ಮಾಡಲಿ? ಬಳೆಗಾರ್ತಿ ತನ್ನ ಬುಟ್ಟಿಯಿಂದಲೇ ದೊಡ್ಡ ಹಸಿರು ಬಳೆ ತೆಗೆದು ಎರಡೂ ಕೈ ತುಂಬಿಸಿದಳು. ನನ್ನ ಕಣ್ಣೂ ತುಂಬಿದವು.

ಆಗಲೇ ಗೇಟಿನೊಳಗೆ ಒಂದು ಟಂಟಂ ಆಟೋ ನುಗ್ಗಿತು. ಒಳಗೆ ಬಸುರಿ, ಹೆರಿಗೆಯ ಬ್ಯಾನಿ ತಿನ್ನುತ್ತಿದ್ದಾಳೆ. ನನ್ನ ಹೆಂಡತಿ ಎದ್ದೇಬಿಟ್ಟಳು. ಬಲಗೈ ಎಡಗೈಯ ಬಳೆಗಳನ್ನು ಗೆಣ್ಣಿನ ಕಡೆಗೆ ಸರಿಸತೊಡಗಿತು. ಮುಗಿಯಿತು ಎಂದುಕೊಂಡೆ. ಮದುವೆಯಲ್ಲಿ ಒಂದು ವಾರವಾದರೂ ಇದ್ದವು, ಇವು ಒಂದು ಗಳಿಗೆಯೂ ಇಲ್ಲ.

ಕಿರಿಯ ನರ್ಸ್ ಅಡ್ಡ ಬಂದು ನಿಂತಳು. ಸಮಾರಂಭಕ್ಕೆಂದು ತೊಟ್ಟಿದ್ದ ತನ್ನ ಬಳೆಗಳನ್ನು ಒಂದೊಂದೇ ತೆಗೆದು ನನ್ನ ಹೆಂಡತಿಯ ಬೊಗಸೆಗೆ ಹಾಕಿದಳು. “ಸಿಸ್ಟರ್, ನೀವು ಕೂಡ್ರಿ. ನಾ ಅದೀನಿ” ಎಂದು ಒಳಗೆ ಹೋದಳು.

ಇವಳು ಕೂತಳು. ಕುರ್ಚಿಯ ತುದಿಯಲ್ಲಿ, ಕಿವಿಯೆಲ್ಲ ಆ ಬಾಗಿಲ ಕಡೆಗೆ, ಬೊಗಸೆಯಲ್ಲಿ ಆ ಹುಡುಗಿಯ ಬಳೆ. ಹೋಳಿಗೆ ಕೊಟ್ಟರೂ ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದಳು.

“ಇವನ್ನ ಹಿಡ್ಕೊಂಡು ಹೊರಗ ಕೂಡೂದು ಇಷ್ಟು ತ್ರಾಸ ಐತಿ ಅಂತ ನೀವು ಒಂದಿನಾನೂ ಹೇಳಲಿಲ್ಲಲ್ರಿ.”

ಒಳಗೆ ಕೂಸು ಅತ್ತಿತು. ಇವಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು, ಬಳೆಯೆಲ್ಲ ಒಮ್ಮೆಲೇ ಝಣಝಣ ಎಂದವು. ಹುಡುಗಿ ಹೊರಗೆ ಬಂದಾಗ ಅವಳ ಒದ್ದೆ ಕೈ ಒರೆಸಿ, ಬಳೆಗಳನ್ನು ತಾನೇ ತೊಡಿಸಿದಳು.

ಸಂಜೆ ಅವಳನ್ನು ಹಿಂದೆ ಕೂರಿಸಿಕೊಂಡು ವಿಜಯಪುರಕ್ಕೆ ಹೊರಟೆ. ಗೋಳಗುಮ್ಮಟ ಕಾಣುವವರೆಗೂ ಬೈಸಿಕೊಂಡೆ, ನೋಡಿ ಹೊಡೆಯಬಾರದೇ ಎಂದು. ನೋಡಿಯೇ ಹೊಡೆಯುತ್ತಿದ್ದೆ. ಬೆಳಿಗ್ಗೆ ತಪ್ಪಿಸಿದ ಗುಂಡಿಗಳಲ್ಲಿ ಒಂದನ್ನೂ ಬಿಡದೆ ಇಳಿಸಿದೆ, ಪ್ರತಿ ಗುಂಡಿಗೂ ನನ್ನ ಬೆನ್ನ ಹಿಂದೆ ಬಳೆ ಸದ್ದಾಗುತ್ತಿತ್ತು.