ಹೊಸ ಪುರಾಣ ಬಂದ ಶ್ರಾವಣ

ಶಹಾಬಾದದ ನಮ್ಮ ಓಣಿಯಲ್ಲಿ ಶ್ರಾವಣ ಬಂತೆಂದರೆ ನನಗೆ ಜ್ವರ ಬಂದಂತಾಗುತ್ತಿತ್ತು. ಮಧ್ಯಾಹ್ನ ಹೆಂಗಸರೆಲ್ಲ ನಮ್ಮ ಪಡಸಾಲೆಯ ಫರಸಿ ಕಲ್ಲಿನ ನೆಲದ ಮೇಲೆ ಬಂದು ಕೂರುವರು. ಶರಣರ ಪುರಾಣವನ್ನು ಠವಣಿಯೆಂಬ ಮರದ ಪೀಠದ ಮೇಲಿಟ್ಟು, ಹೂವೇರಿಸಿ, ಓದಲು ನನ್ನನ್ನು ಕೂಡಿಸುವರು. ಓಣಿಯಲ್ಲಿ ಶಾಲೆಗೆ ಹೋಗುವ ಹುಡುಗಿ ನಾನೊಬ್ಬಳೇ. ಆ ಹುಡುಗಿಗೆ ಓದಲು ಬರುತ್ತಿರಲಿಲ್ಲ.

ಒಂದೊಂದೇ ಅಕ್ಷರ ತೋರಿಸಿದರೆ ಹೇಳುತ್ತಿದ್ದೆ. ಸಾಲಾಗಿ ನಿಂತರೆ ಮಾತ್ರ ಸಂತೆಯ ಕುರಿಗಳ ಹಾಗೆ ಒಂದರ ಮೇಲೊಂದು ಹತ್ತುತ್ತಿದ್ದವು. ಈಗ ಮೊಮ್ಮಗಳಿಗೂ ಅದೇ ತೊಂದರೆ. ಡಾಕ್ಟರು ಡಿಸ್ಲೆಕ್ಸಿಯಾ ಎಂದರು, ಅಂಥ ಮಕ್ಕಳಿಗೆ ಕಲಿಸುವ ರೀತಿಯೇ ಬೇರೆಯಂತೆ. ಆಗ ಅದಕ್ಕಿದ್ದ ಹೆಸರು ದಡ್ಡಿ, ಅಷ್ಟೇ.

ಮಾಸ್ತರರು ಅಪ್ಪನನ್ನು ಕರೆಸಿ, "ನಿಮ್ಮ ಹುಡುಗಿಗಿ ಓದು ಹತ್ತಂಗಿಲ್ಲ, ಸಾಲಿ ಬಿಡಿಸ್ರಿ" ಎಂದಿದ್ದರು. ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ ಅಪ್ಪ, "ಪುರಾಣ ಓದ್ತಾಳ್ರೀ ಸರ, ನಿಮ್ಮ ಪಾಠ ಯಾವ ಲೆಕ್ಕ?" ಎಂದು ಎದೆಯುಬ್ಬಿಸಿ ಬಂದಿದ್ದ. ನಾನು ಅಡಕತ್ತರಿಯಲ್ಲಿ ಸಿಕ್ಕಿಬಿದ್ದೆ. ಪುರಾಣ ತಪ್ಪಿದ ದಿನ ಶಾಲೆಯೂ ತಪ್ಪುತ್ತಿತ್ತು. ನನಗೋ ಶಾಲೆಯೆಂದರೆ ಪ್ರಾಣ.

ಬೆಳಿಗ್ಗೆ ಜೋಳ ಹಸನು ಮಾಡುತ್ತ ಕೂತ ಆಯಿಯ, ಅಂದರೆ ಅಪ್ಪನ ತಾಯಿಯ, ಪಕ್ಕ ಸೇರಿ "ಮುಂದೇನಾತು?" ಎಂದು ಕಥೆ ಕೇಳುತ್ತಿದ್ದೆ. ಮಧ್ಯಾಹ್ನ ಅದನ್ನೇ ರಾಗವಾಗಿ ಹೇಳುತ್ತಿದ್ದೆ. ಕೈ ಹಿಡಿದು ನಡೆಸಲು ಪುಟದ ಕಲೆಗಳಿದ್ದವು. ಶರಣರು ಹುಟ್ಟಿದ ಪುಟದಲ್ಲಿ, ಪ್ರತಿ ವರ್ಷ ತೊಟ್ಟಿಲು ತೂಗಿದವರ ಬೆಲ್ಲದ ಅಂಟು. ಮದುವೆಯ ಪುಟದಲ್ಲಿ ಅರಿಷಿಣ. ದೀಪದ ಎಣ್ಣೆ ಬಿದ್ದ ಪುಟದಲ್ಲಿ ಅವರು ಮನೆ ಬಿಡುತ್ತಾರೆ. ಕಲೆ ಕಂಡರೆ ಕಥೆ ತಾನಾಗಿ ನಾಲಿಗೆಗೆ ಬರುತ್ತಿತ್ತು.

ಆ ವರ್ಷ ಸೋದರಮಾವ ನನ್ನ ಓದಿಗೆ ಮೆಚ್ಚಿ ಕಲಬುರಗಿಯಿಂದ ಹೊಸ ಪುರಾಣ ತಂದ. ಹಳೆಯದು ದೇವರ ಜಗಲಿ ಸೇರಿತು. ಅಂದು ಮದುವೆಯ ಅಧ್ಯಾಯ. ಗಣಿಗೆ ರಜೆಯಿದ್ದ ಅಪ್ಪನೂ ಬಾಗಿಲ ಬಳಿ ಕೂತಿದ್ದ. ಪುಸ್ತಕ ತೆರೆದೆ. ಪುಟವೆಲ್ಲ ಬೆಳ್ಳಗೆ, ಎಲ್ಲೂ ಒಂದು ಕಲೆಯಿಲ್ಲ. ಬೆಳಿಗ್ಗೆ ಕೇಳಿದ್ದ ಕಥೆಯೂ ತಲೆಯಿಂದ ಹಾರಿಹೋಯಿತು.

"ಓದವ್ವ," ಎಂದರು ಯಾರೋ. ಮಾವನ ಮೇಲೆ ಕೆಟ್ಟ ಸಿಟ್ಟು ಬಂತು. ಅಪ್ಪ ಕತ್ತೆತ್ತಿ ನನ್ನನ್ನೇ ನೋಡಿದ.

ಆಯಿ ಮೊಣಕಾಲು ಹಿಡಿದು ಎದ್ದಳು. ಪೂಜೆಗಿಟ್ಟ ಅರಿಷಿಣದ ಬಟ್ಟಲಲ್ಲಿ ಬೆರಳದ್ದಿ, ತೆರೆದಿದ್ದ ಪುಟದ ನಡುವೆ ಒತ್ತಿದಳು. "ಮದಿವಿ ಇದು. ಹೇಳು."

ಕಥೆ ಬಂತು. ಹಂದರ, ಬೀಗರು, ಅಕ್ಕಿಕಾಳು, ಎಲ್ಲ ಬಂತು.

"ಹೊಸ ಪುಸ್ತಕನೂ ಓದಿದ್ಲು ನೋಡ್ರಿ!" ಅಪ್ಪ ಓಣಿಗೆಲ್ಲ ಕೇಳುವಂತೆ ಹೇಳಿದ. "ಮುಂದಿನ ವರ್ಷ ಐದನೇ ಕ್ಲಾಸಿಗಿ ಹಾಕ್ತೀನಿ."

ಜನ ಹೋದ ಮೇಲೆ ಆಯಿಯ ಮಡಿಲಲ್ಲಿ ಮುಖವಿಟ್ಟು ಅತ್ತೆ. "ಆಯಿ, ಅಲ್ಲಿ ಎಲ್ಲಾ ಪುಸ್ತಕ ಹೊಸಾವೇ ಇರ್ತಾವ."

ಆಯಿ ತಲೆ ಸವರಿದಳು.

"ಸಾಲಿಗಿ ನಾ ಹ್ಯಾಂಗ ಬರ್ಲೆವ್ವಾ?" ಎಂದಳು.