ಅಕ್ಕ ಕೇಳಿದ ಹಲಸಿನ ಮರ

ಹೊಸಕೋಟೆಯ ಸಾಮಿಲ್ಲೊಂದರಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಮರ ಕೊಯ್ಯುತ್ತಿದ್ದೇನೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ದಿಮ್ಮಿ ತಂದವರು “ಬೇಗ ಕೊಯ್ದು ಕೊಡಿ ಗುರು, ಟೆಂಪೋ ಕಾಯ್ತಿದೆ” ಎಂದರೆ ಸಾಕು, ಮಿಷನ್ ನಿಲ್ಲಿಸಿ ಪಾಠ ಶುರು ಮಾಡುತ್ತೇನೆ. “ಮರದೊಳಗೆ ಬಿಗಿ ಇರುತ್ತೆ ಸ್ವಾಮಿ. ಹೊರಗಿನದು ಎಳೀತಿರುತ್ತೆ, ಒಳಗಿನದು ತಡೀತಿರುತ್ತೆ. ಒಂದೇ ಮಗ್ಗುಲಿಂದ ಕೊಯ್ಕೊಂಡು ಹೋದ್ರೆ ಹಲಗೆ ಬಿಲ್ಲಾಗುತ್ತೆ. ಇತ್ಲಾಗೊಂದು, ಅತ್ಲಾಗೊಂದು ತೆಗೀಬೇಕು. ಟೆಂಪೋ ಕಾಯ್ಲಿ ಬಿಡಿ.” ನಮ್ಮ ಕಡೆಯ ನೀಲಗಿರಿಯಂತೂ ಕಡಿದ ದಿನವೇ ತುದಿಯಲ್ಲಿ ಪಟಾರೆಂದು ಸೀಳುತ್ತದೆ. ಅಂಥದ್ದನ್ನೂ ನೆಟ್ಟಗೆ ಕೊಯ್ಯುವವನು ಎಂದು ನನಗೆ ಒಳಗೊಳಗೇ ಜಂಬ. ಇಷ್ಟೆಲ್ಲ ಬಲ್ಲವನು ಸ್ವಂತ ಅಕ್ಕನ ಮರದ ವಿಷಯದಲ್ಲಿ ಎಡವಿಬಿಟ್ಟೆ.

ಅಪ್ಪ ತೀರಿಕೊಂಡ ಮೇಲೆ ಜಮೀನನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ತನಗೆ ಪಾಲು ಬೇಡ ಎಂದು ಅಕ್ಕ ಸಹಿ ಹಾಕಬೇಕಿತ್ತು. ಅವಳನ್ನು ಕೊಟ್ಟಿರುವುದು ಸಮೇತನಹಳ್ಳಿಗೆ. ಬೈಕಿನಲ್ಲಿ ಕೂರಿಸಿಕೊಂಡು ಬಂದೆ, ಆಫೀಸಿನಲ್ಲಿ ತೋರಿಸಿದ ಕಡೆಯೆಲ್ಲ ಸಹಿ ಹಾಕಿಸಿದೆ, ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದೆ, ಬಸ್ಸು ಹತ್ತಿಸಿದೆ. ನಿನಗೇನಾದರೂ ಬೇಕಾ ಎಂದು ಒಂದು ಮಾತು ಕೇಳಲಿಲ್ಲ. ಬಸ್ಸಿನ ಕಿಟಕಿಯಿಂದ ಅವಳೇ ಕೇಳಿದಳು: “ಹಿತ್ತಲ ಹಲಸಿನ ಮರ ನಂಗೆ ಕೊಡ್ತೀಯೇನೋ? ಮನೆ ಕಟ್ಟಿಸ್ದಾಗ ತಲೆಬಾಗ್ಲು ಮಾಡಿಸ್ಕೊಂತೀನಿ.”

“ಅದೇನ್ ದೊಡ್ಡದು, ತಗೋ” ಎಂದೆ.

ಆಮೇಲೆ ಎರಡು ವರ್ಷ ಅವಳು ನಮ್ಮ ಮನೆಗೆ ಬರಲಿಲ್ಲ. ನನ್ನನ್ನೂ ತನ್ನ ಮನೆಗೆ ಬಾ ಎನ್ನಲಿಲ್ಲ. ಜಗಳವಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವಳು ಜಗಳವನ್ನೂ ಆಡಲಿಲ್ಲ.

ಹೋದ ವರ್ಷ ಭಾವ ಫೋನ್ ಮಾಡಿದರು. ಊರಲ್ಲಿ ಹೊಸ ಮನೆಗೆ ಪಾಯ ಮುಗಿದಿದೆ, ಕಾರ್ತೀಕದಲ್ಲಿ ಬಾಗಿಲು ಇಡುವುದಕ್ಕೆ ಮುಹೂರ್ತ ಸಿಕ್ಕಿದೆ, ಮರ ಕಡಿಸು ಎಂದರು. ನಮ್ಮಲ್ಲಿ ಗೋಡೆ ಏಳುವ ಮೊದಲೇ ತಲೆಬಾಗಿಲ ಚೌಕಟ್ಟನ್ನು ಪಾಯದ ಮೇಲೆ ನಿಲ್ಲಿಸಿ ಪೂಜೆ ಮಾಡುತ್ತಾರೆ. ಮುಹೂರ್ತಕ್ಕೆ ಇನ್ನು ಮೂರು ವಾರವಿತ್ತು.

ಆ ಹಲಸು ಬಾವಿಯ ಕಡೆಗೆ ವಾಲಿಕೊಂಡು ಬೆಳೆದದ್ದು. ವಾಲಿದ ಮರದಲ್ಲಿ ಬಿಗಿ ಇನ್ನೂ ಜಾಸ್ತಿ, ಅದೂ ಒಂದೇ ಮಗ್ಗುಲಿಗೆ ಸೇರಿಕೊಂಡಿರುತ್ತದೆ. ಕಡಿಸಿದಾಗ ಬುಡದಲ್ಲಿ ಎರಡು ಒಳ್ಳೆಯ ದಿಮ್ಮಿ ಸಿಕ್ಕಿತು. ಕೊಯ್ಯುವ ದಿನ ಅಕ್ಕ ತಾನೇ ಬಂದಳು. ಹೊಟ್ಟಿನ ರಾಶಿಯ ಪಕ್ಕ ಸೆರಗು ಮೂಗಿಗೆ ಹಿಡಿದು ನಿಂತಳು. “ಕಾಫಿ ತರಿಸ್ಲಾ?” ಎಂದೆ. ಬೇಡವೆಂದು ತಲೆಯಾಡಿಸಿದಳು, ಅಷ್ಟೆ. ಬೈದರೆ ತಡೆದುಕೊಳ್ಳಬಹುದು, ಹಾಗೆ ಸುಮ್ಮನೆ ನಿಂತರೆ ಏನು ಮಾಡುವುದು? ಬೇಗ ಮುಗಿಸಿ ಕಳಿಸಿಬಿಡೋಣ ಅನ್ನಿಸಿತು. ದಿಮ್ಮಿಯನ್ನು ಟ್ರಾಲಿಗೆ ಏರಿಸಿ, ತಿರುಗಿಸುವ ಗೋಜಿಗೇ ಹೋಗದೆ ಒಂದೇ ಮಗ್ಗುಲಿಂದ ಕೊಯ್ಯತೊಡಗಿದೆ.

ಮೊದಲ ಹಲಗೆ ಹೊರಬಂದಾಗಲೇ ತುದಿ ಮೇಲಕ್ಕೆದ್ದಿತ್ತು. ಅದನ್ನು ಕಂಡೂ ಕಾಣದವನಂತೆ ದಿಮ್ಮಿಯನ್ನು ಮತ್ತೆ ಬ್ಲೇಡಿಗೆ ಕೊಟ್ಟೆ. ಅರ್ಧಕ್ಕೆ ಬರುವಷ್ಟರಲ್ಲಿ ಮರ ಬ್ಲೇಡನ್ನು ಕಚ್ಚಿಕೊಂಡು ಕಿರ್ರೆಂದಿತು. ಮಿಷನ್ ನಿಲ್ಲಿಸಿ, ಬೆಣೆ ಹೊಡೆದು ಬಿಡಿಸಿ ನೋಡಿದರೆ ಒಳ್ಳೆಯ ದಿಮ್ಮಿಯೊಂದು ಚೌಕಟ್ಟಿಗೆ ಬಾರದಂತೆ ಬಾಗಿಹೋಗಿತ್ತು.

“ಕೆಟ್ಟೋಯ್ತಾ?” ಅಕ್ಕ ಕೇಳಿದಳು.

ನನ್ನ ಸುಡುಗಾಡು ಬಾಯಿ ಸುಮ್ಮನಿರಬೇಕಲ್ಲ! “ನಿನ್ನ ಮರಾನೇ ಸೊಟ್ಟ, ನಾನೇನ್ಮಾಡ್ಲಿ?” ಎಂದುಬಿಟ್ಟೆ.

“ಸೊಟ್ಟ ಅಂತ ಗೊತ್ತಿದ್ದೂ ಹಿಂಗ್ ಕೊಯ್ದ್ಯಲ್ಲೋ. ಬೇರೆಯೋರ ಮರ ಆಗಿದ್ರೆ ಹಿಂಗ್ ಮಾಡ್ತಿದ್ದ್ಯಾ? ನಾನು ಕೇಳಿದ್ದು ಇದೊಂದೇ ಕಣೋ.”

ಮುಖಕ್ಕೆ ಹೊಡೆದ ಹಾಗಾಯಿತು. ಹಿಂದೆ ನಿಂತು ಹಲಗೆ ಹಿಡಿಯುತ್ತಿದ್ದವನೂ ತಲೆ ತಗ್ಗಿಸಿದ. ಕೆಲಸದವನೆದುರಿಗೆ ಹಾಗಂದದ್ದಕ್ಕೆ ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ನಾಚಿಕೆಯಾಯಿತು. ಉಳಿದದ್ದು ಒಂದು ದಿಮ್ಮಿ. ಚೌಕಟ್ಟಿನ ಎರಡು ನಿಲುವು, ಮೇಲೊಂದು ಪಟ್ಟಿ, ಕೆಳಗೊಂದು ಹೊಸ್ತಿಲು ಅದರಲ್ಲೇ ಬರಬೇಕಿತ್ತು. ಅದೂ ಕೆಟ್ಟರೆ ಅವಳಿಗೆ ತವರಿಂದ ಹೋಗುವುದಕ್ಕೆ ಏನೂ ಇರಲಿಲ್ಲ.

ಅವತ್ತಿಗೆ ಮಿಷನ್ ನಿಲ್ಲಿಸಿಬಿಟ್ಟೆ. ಮಾರನೆಯ ದಿನ ಬೆಳಿಗ್ಗೆ ದಿಮ್ಮಿಯ ತುದಿಗೆ ನೀರು ಹಾಕಿ ತೊಳೆದು, ತಿರುಳು ಎಲ್ಲಿದೆ, ಯಾವ ಮಗ್ಗುಲು ಎಳೆಯುತ್ತಿದೆ ಎಂದು ಸೀಮೆಸುಣ್ಣದಲ್ಲಿ ಗೀಟು ಹಾಕಿಕೊಂಡೆ. ಈ ಕಡೆಯಿಂದ ಒಂದು ಹಲಗೆ ತೆಗೆದು ತಿರುಗಿಸಿದೆವು. ಆ ಕಡೆಯಿಂದ ಒಂದು ತೆಗೆದು ಮತ್ತೆ ತಿರುಗಿಸಿದೆವು. ಒಂದೊಂದು ಸಲಕ್ಕೂ ನಿಲ್ಲಿಸಿ, ನೆಟ್ಟಗಿದೆಯೇ ಎಂದು ನೂಲು ಹಿಡಿದು ನೋಡಿ ಮುಂದಕ್ಕೆ ಹೋದೆ. ಅರ್ಧ ಗಂಟೆಯ ಕೆಲಸಕ್ಕೆ ಇಡೀ ಬೆಳಿಗ್ಗೆ ಹಿಡಿಯಿತು. ನಾಲ್ಕೂ ತುಂಡನ್ನು ಬೇಕಾದ್ದಕ್ಕಿಂತ ಎರಡು ಬೆರಳು ದಪ್ಪವಾಗಿಯೇ ಕೊಯ್ದಿಟ್ಟೆ. ಆಮೇಲೆ ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕ, ಇದು ಕಾರ್ತೀಕಕ್ಕೆ ಆಗಲ್ಲ. ಹಸಿ ಮರ ನಿಲ್ಲಿಸಿದ್ರೆ ಒಂದು ಬೇಸಿಗೆಗೆ ತಿರುಚ್ಕೊಳುತ್ತೆ. ನೆರಳಲ್ಲಿ ಒಣಗ್ಬೇಕು. ಮುಹೂರ್ತ ಬೇಕು ಅಂದ್ರೆ ಅಂಗಡೀಲಿ ರೆಡಿ ಚೌಕಟ್ಟು ಸಿಗುತ್ತೆ.”

ಹಿಂದೆ ಭಾವ ಗೊಣಗುವುದು ಕೇಳಿಸಿತು. ಕೆಲಸ ನಿಂತರೆ ಗಾರೆಯವನು ಬೇರೆ ಕಡೆ ಹೋಗುತ್ತಾನೆ ಎಂದು ಅವರ ಚಿಂತೆ. ಅಕ್ಕ ಕೇಳಿದಳು: “ಎಷ್ಟು ದಿನ?”

“ವೈಶಾಖ ಆಗ್ಬೋದು.”

“ಕಾಯ್ತೀನಿ” ಎಂದು ಫೋನ್ ಇಟ್ಟಳು.

ತುಂಡುಗಳನ್ನು ಸಾಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ ಒಂದರ ಮೇಲೊಂದು ಪೇರಿಸಿ, ನಡುನಡುವೆ ಗಾಳಿಯಾಡಲು ರೀಪಿನ ತೆಳು ಪಟ್ಟಿ ಕೊಟ್ಟು, ಮೇಲೆ ಕಲ್ಲು ಹೇರಿದೆ. ತುದಿ ಬೇಗ ಒಣಗಿ ಸೀಳದಿರಲಿ ಎಂದು ಸಗಣಿ ಬಳಿಯುವುದುಂಟು. ಮುಂದಿನ ಸೋಮವಾರ ನೋಡಿದರೆ ಅಕ್ಕ ಸಗಣಿಯ ಬಕೆಟ್ ಹಿಡಿದು ಗೇಟಿನಲ್ಲಿ ನಿಂತಿದ್ದಾಳೆ! ಸಮೇತನಹಳ್ಳಿಯಿಂದ ಬಸ್ಸಿನಲ್ಲೇ ತಂದಿದ್ದಳು. ಕಂಡಕ್ಟರು “ಏನಮ್ಮಾ ಇದು, ಹೊಸಕೋಟೇಲಿ ಹಸ ಇಲ್ವಾ?” ಎಂದನಂತೆ. “ಅವೆ. ನಮ್ ಹಸ ಅಲ್ವಲ್ಲ” ಎಂದಳಂತೆ. ಇಷ್ಟು ವರ್ಷ ಮರ ಕೊಯ್ದಿದ್ದೇನೆ, ಬಸ್ಸಿನಲ್ಲಿ ಸಗಣಿ ಹೊತ್ತು ತಂದವರನ್ನು ನೋಡಿರಲಿಲ್ಲ. ಇಬ್ಬರೂ ನಕ್ಕೆವು.

ಅಲ್ಲಿಂದ ಎರಡು ವಾರಕ್ಕೊಮ್ಮೆ ಬರುವುದು ರೂಢಿಯಾಯಿತು. ಕಲ್ಲು ಇಳಿಸಿ, ತುಂಡು ಮಗುಚಿ, ಮತ್ತೆ ಪೇರಿಸುತ್ತಿದ್ದೆವು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ಆ ತುದಿ ಅವಳು ಈ ತುದಿ ನಾನು ಹಿಡಿದಿದ್ದಾಗ, ಹೇಳಿಯೇಬಿಟ್ಟೆ: “ಅವತ್ತು ಸಹಿ ಹಾಕ್ಸೋಕ್ ಮುಂಚೆ ನಿನ್ನ ಕೇಳ್ಬೇಕಿತ್ತು ಅಕ್ಕ.”

“ಕೇಳ್ಬೇಕಿತ್ತು” ಎಂದಳು. ಪರವಾಗಿಲ್ಲ ಬಿಡು ಎನ್ನಲಿಲ್ಲ.

“ಕೆರೆ ಕಡೇ ಅರ್ಧ ಜಮೀನು ನಿನ್ನ ಹೆಸ್ರಿಗೆ ಬರೆಸ್ತೀನಿ.”

“ಬರೆಸು, ಬೇಡ ಅನ್ನಲ್ಲ. ಹಂಗಂತ ಅದ್ಕೂ ಇದ್ಕೂ ಗಂಟು ಹಾಕ್ಬೇಡ. ನನ್ ಬಾಗ್ಲು ನೆಟ್ಟಗೆ ಬರ್ಬೇಕು.”

ಯುಗಾದಿಗೆ ಮುಂಚೆ ಕಾಗದಪತ್ರ ಆಯಿತು. ಆದರೂ ಮನೆಗೆ ಬಾ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ನಾನೂ ಕೇಳಲಿಲ್ಲ.

ವೈಶಾಖದಲ್ಲಿ ಕಲ್ಲು ಇಳಿಸಿ ಒಂದೊಂದನ್ನೇ ನೋಡಿದೆವು. ಹೊಸ್ತಿಲು, ಮೇಲಿನ ಪಟ್ಟಿ, ಒಂದು ನಿಲುವು ನೂಲಿಗೆ ಸರಿಯಾಗಿದ್ದವು. ಇನ್ನೊಂದು ನಿಲುವು ನಡುವೆ ಒಂದು ಬೆರಳಿನಷ್ಟು ಬಾಗಿತ್ತು. ಅಕ್ಕ ನನ್ನ ಮುಖ ನೋಡಿದಳು. “ಇದಕ್ಕೇ ಅಂತ್ಲೇ ಎರಡು ಬೆರಳು ಬಿಟ್ಟಿದ್ದೀನಿ, ಗಾಬರಿ ಬೀಳ್ಬೇಡ” ಎಂದೆ. ಗಾಬರಿ ಬಿದ್ದಿದ್ದವನು ನಾನು. ಎರಡೂ ಮಗ್ಗುಲಿಂದ ತೆಳ್ಳಗೆ ತೆಗೆಯುತ್ತಾ ಬಂದೆ. ಕೊನೆಗೆ ನೂಲು ಹಿಡಿದಾಗ ನೂಲಿಗೂ ಮರಕ್ಕೂ ನಡುವೆ ಎಲ್ಲೂ ಬೆಳಕು ಕಾಣಲಿಲ್ಲ. ಹೊಳೆಯುವ ಅರಿಶಿನ ಬಣ್ಣದ ಮರ. ಅಕ್ಕ ಅದರ ಮೇಲೆ ಅಂಗೈ ಆಡಿಸಿ, ಮೂಸಿ ನೋಡಿದಳು.

ಮುಹೂರ್ತದ ದಿನ ಬಡಗಿ ಚೌಕಟ್ಟು ನಿಲ್ಲಿಸಿದ. ಗಾರೆಯವನು ತೂಕದ ಗುಂಡು ಬಿಟ್ಟು ನೋಡಿ ಸರಿ ಎಂದ. ಅಕ್ಕ ಮಾವಿನ ಸೊಪ್ಪು ಕಟ್ಟಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟಳು. ಸುತ್ತ ಗೋಡೆ ಎಂಬುದೇ ಇಲ್ಲ, ಬಯಲಲ್ಲಿ ಒಂಟಿ ಬಾಗಿಲು. ಪೂಜೆ ಮುಗಿದು ಎಲ್ಲರೂ ಪಾಯದೊಳಗೆ ಹಾಸಿದ ಜಮಖಾನದ ಮೇಲೆ ಊಟಕ್ಕೆ ಕೂತರು. ನಾನು ಹೊರಗೆ ಮರಳಿನ ಗುಡ್ಡೆಯ ಹತ್ತಿರ ನಿಂತಿದ್ದೆ. ಭಾವ ಕೈಬೀಸಿ ಕರೆದರು. ಯಾರೂ ನೋಡದಿರಲಿ ಎಂದು ಪಕ್ಕದಿಂದ ಪಾಯ ಹತ್ತಲು ಹೋದೆ.

“ಲೇ!” ಅಕ್ಕನ ಗಂಟಲು ಇಡೀ ಬೀದಿಗೆ ಕೇಳಿಸಿತು. ಸಾರಿನ ಸೌಟು ಕೈಯಲ್ಲೇ ಇತ್ತು. “ಎತ್ಲಾಗಿಂದ ಬರ್ತಿದ್ದೀಯೋ? ಗೋಡೆ ಇಲ್ದಿದ್ರೆ ಬಾಗ್ಲೂ ಇಲ್ವಾ? ಇಳಿ ಕೆಳಗೆ. ಸುತ್ಕೊಂಡು ಬಾ. ಬಾಗ್ಲಲ್ಲಿ ಬಾರೋ ಒಳಕ್ಕೆ.”

ಕೂತಿದ್ದವರೆಲ್ಲ ನಕ್ಕರು. ನಾನು ಕೆಳಗಿಳಿದು, ಸುತ್ತಿ ಬಂದು, ಚಪ್ಪಲಿ ಬಿಟ್ಟು, ಬಲಗಾಲು ಮುಂದಿಟ್ಟು ಅಕ್ಕನ ಮನೆಯೊಳಗೆ ಹೋದೆ.