ಕೂಸುಗಳಿಗೆ ತಾಯಂದಿರನ್ನು ಹುಡುಕಿದ್ದು

ಹೊಸ ಮನೆಗೆ ಹೋಗಿ ತಿಂಗಳಾದರೂ ಸಂಜೆ ಹಳೆಯ ಮನೆಯ ಬಾಗಿಲಿಗೇ ಹೋಗಿ ನಿಲ್ಲುವ ಜಾತಿ ನನ್ನದು. ಗದಗ ಜಿಲ್ಲೆಯಾಗಿ ಏಳೆಂಟು ವರ್ಷ ಕಳೆದ ಮೇಲೂ ನನ್ನ ಕೈ ಕಾಗದದ ಮೇಲೆ ತಾನಾಗಿ ‘ಜಿಲ್ಲಾ ಧಾರವಾಡ’ ಎಂದು ಬರೆಯುತ್ತಿತ್ತು. ಟಪಾಲಿನವರು ದೊಡ್ಡ ಮನಸ್ಸಿನವರು, ಹೇಗೋ ಮುಟ್ಟಿಸುತ್ತಿದ್ದರು. ಕಂಪ್ಯೂಟರಿಗೆ ಅಂಥ ಮನಸ್ಸಿಲ್ಲ ಎಂದು ತಿಳಿದದ್ದು ಲಕ್ಷ್ಮೇಶ್ವರದಲ್ಲಿ.

ಆಗ ನಾನು ಗದಗಿನ ಸಣ್ಣದೊಂದು ಹೆರಿಗೆ ಆಸ್ಪತ್ರೆಯಲ್ಲಿ ದಾಖಲೆ ಬರೆಯುತ್ತಿದ್ದೆ. ಅದನ್ನು ನಡೆಸುತ್ತಿದ್ದ ಡಾಕ್ಟರಬಾಯಿ ಆಸ್ಪತ್ರೆಯನ್ನು ಲಕ್ಷ್ಮೇಶ್ವರಕ್ಕೆ ಸಾಗಿಸಿದರು. ಕಾಗದದ ರಜಿಸ್ಟರುಗಳು ಎಂದೋ ಗೆದ್ದಲ ಪಾಲಾಗಿದ್ದವು. ಉಳಿದದ್ದು ಕಂಪ್ಯೂಟರಿನಲ್ಲಿ ನಾನು ಟೈಪು ಮಾಡಿಟ್ಟದ್ದಷ್ಟೇ. ಕೂಸುಗಳ ಪಟ್ಟಿ ಒಂದು ಫೈಲಿನಲ್ಲಿ, ತಾಯಂದಿರದು ಇನ್ನೊಂದರಲ್ಲಿ, ನಡುವೆ ಯಾವ ಕೂಸು ಯಾರದೆಂದು ಹೇಳುವ ಒಂದು ಕೊಂಡಿ. ಎರಡನ್ನೂ ಹೊಸ ಕಂಪ್ಯೂಟರಿಗೆ ಇಳಿಸಿ, ಏನೂ ಬಿಟ್ಟಿಲ್ಲವೆಂದು ಬೀಗಿದೆ.

ಒಂದು ಮೋಡದ ಬೆಳಗ್ಗೆ ಶಿಗ್ಲಿಯಿಂದ ಶಾಂತವ್ವ ಎಂಬಾಕೆ ಮಗಳ ಕೈ ಹಿಡಿದು ಬಂದಳು.

“ಅಣ್ಣಾರ, ಇಕಿ ಗದಗಿನಾಗ ನಿಮ್ಮಲ್ಲೇ ಹುಟ್ಟ್ಯಾಳ್ರಿ. ತಾರೀಖು ಬರಕೊಡ್ರಿ. ಇವತ್ತ ಕಡೀ ದಿವಸ. ಚೀಟಿ ಒಯ್ಯಲಿಲ್ಲಂದ್ರ ಶಾಲಿಗೆ ಹೆಸರು ಹಚ್ಚಂಗಿಲ್ಲಂತ.”

ಗತ್ತಿನಿಂದ ಗುಂಡಿ ಒತ್ತಿದೆ. ಕೂಸುಗಳು ಸಾಲಾಗಿ ಬಂದವು: ಹೆಣ್ಣು, ಗಂಡು, ಗಂಡು, ಹೆಣ್ಣು. ತಾಯಿಯ ಹೆಸರಿನ ಜಾಗ ಮಾತ್ರ ಖಾಲಿ. ಹಳೆಯ ಕಂಪ್ಯೂಟರಿನ ವಿಳಾಸ ತೋರಿಸಿ, ಅಲ್ಲಿ ಫೈಲು ಸಿಗಲಿಲ್ಲ ಎಂದು ಕಂಪ್ಯೂಟರು ಹೇಳಿತು. ಕಂಪ್ಯೂಟರು ಬಂದ್ ಮಾಡಿ ಚಾಲೂ ಮಾಡಿದೆ. ಮತ್ತೆ ಅದೇ ಮಾತು. ಹುಟ್ಟಿದ ದಿನ ಕೂಸಿಗೆಲ್ಲಿಯ ಹೆಸರು? ತಾಯಿ ಇಲ್ಲದೆ ಯಾವುದು ಯಾರದೆಂದು ಹೇಗೆ ಹೇಳುವುದು? ಕಿಟಕಿಯಾಚೆ ಮೋಡ ತೇಲುತ್ತಿತ್ತು. ಮುಂಡರಗಿ, ಶಿರಹಟ್ಟಿ, ಹರ್ತಿಯ ಅಷ್ಟೂ ಕೂಸುಗಳು ಒಂದು ಕೋಣೆಯಲ್ಲಿ ಮಲಗಿವೆ, ತಾಯಂದಿರು ಪಕ್ಕದ ಕೋಣೆಯಲ್ಲಿ ಕಾದಿದ್ದಾರೆ ಎನ್ನಿಸಿ ನನಗೇ ಕಣ್ಣು ಮಂಜಾಯಿತು.

ಗದಗಿನಿಂದಲೂ ನಮ್ಮೊಂದಿಗಿದ್ದು ಇಪ್ಪತ್ತು ವರ್ಷದಿಂದ ಹೆರಿಗೆ ನೋಡುತ್ತಿದ್ದ ಮೆಹರುನ್ನೀಸಾ ಸಿಸ್ಟರು ಬಂದು ಕೇಳಿದರು, “ಏನಾತ್ರಿ?”

“ತಾಯಂದಿರ ಫೈಲು ಇಲ್ಲೇ ಐತ್ರಿ. ಇದು ಅದನ್ನ ಹಳೇ ಕಂಪ್ಯೂಟರಿನ ಜಾಗದಾಗ ಹುಡುಕಾಕತ್ತೈತಿ.”

“ಅಂದ್ರ ನಾವು ಊರು ಬಿಟ್ಟದ್ದು ಅದಕ್ಕ ಖಬರ ಇಲ್ಲ. ಹೇಳಿಬಿಡ್ರಿ ಮತ್ತ!”

ಹೇಳುವ ಜಾಗವೂ ಇತ್ತು. ತಡಕಾಡಿ, ಕೊಂಡಿಗಳ ಪಟ್ಟಿ ತೆರೆದು, ಹಳೆಯ ವಿಳಾಸ ಅಳಿಸಿ ಹೊಸದನ್ನು ತೋರಿಸಿಕೊಟ್ಟೆ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಹೆಸರುಗಳು ಒಂದೊಂದಾಗಿ ಬಂದು ಕೂಸುಗಳ ಪಕ್ಕದಲ್ಲಿ ಕುಳಿತವು. ನೀಲವ್ವ, ಜೈತುನ್‌ಬಿ, ಗಂಗವ್ವ...

ಶಾಂತವ್ವ, ಶಿಗ್ಲಿ. ಆ ಹೆಸರು ಎರಡು ಸಾಲಿನಲ್ಲಿತ್ತು. ಒಂದೇ ದಿನ, ಹತ್ತು ನಿಮಿಷದ ಅಂತರ. ಮೊದಲು ಹೆಣ್ಣು, ಆಮೇಲೆ ಗಂಡು. ಗಂಡಿನ ಮುಂದೆ ‘ಮೂರನೆಯ ದಿನ ತೀರಿಕೊಂಡಿತು’ ಎಂದಿತ್ತು. ಬರೆದವನು ನಾನೇ, ಬರೆದು ಮರೆತವನೂ ನಾನೇ. ಪರದೆಗೆ ಅಡ್ಡವಾಗಿ ಕೈ ಇಡಲು ಹೋದೆ. ಅಷ್ಟರಲ್ಲಿ ಅವಳು ಓದಿದ್ದಳು.

“ಕೆಳಗಿಂದು ಅವಂದಲ್ಲೇನ್ರಿ? ಅದನ್ನೂ ಬರಕೊಡ್ರಿ.”

“ಅದು ಶಾಲಿಗೆ ಬೇಕಾಗೂದಿಲ್ಲವ್ವ,” ಎಂದೆ, ದಡ್ಡ ನಾನು. ಸಿಸ್ಟರು ನನ್ನತ್ತ ಕೆಕ್ಕರಿಸಿ ನೋಡಿದರು.

“ಶಾಲಿಗಲ್ರಿ,” ಎಂದಳು ಶಾಂತವ್ವ. “ಹೆಸರಿಡೂಕಿಂತ ಮೊದಲ ಹ್ವಾದ. ನನ್ನ ಕಡೆ ಅವಂದಂತ ಒಂದೂ ಇಲ್ಲ.”

ಎರಡು ಚೀಟಿ ಮುದ್ರಿಸಿದೆ. ಡಾಕ್ಟರಬಾಯಿ ಎರಡಕ್ಕೂ ಸಹಿ ಮಾಡಿದರು. ಶಾಂತವ್ವ ಮೊದಲನೆಯದನ್ನು ಮಗಳ ಕೈಗೆ ಕೊಟ್ಟು, ಎರಡನೆಯದನ್ನು ನಾಲ್ಕಾಗಿ ಮಡಿಸಿ ಎಲಿಅಡಿಕಿ ಚೀಲದಲ್ಲಿಟ್ಟಳು.

“ಅದು ಯಾರದಬೇ?” ಎಂದಿತು ಹುಡುಗಿ.

“ನಿನ್ನ ತಮ್ಮಂದು. ನಡಿ, ದಾರಿಯಾಗ ಹೇಳ್ತೇನಿ.”

ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಲಕ್ಷ್ಮೇಶ್ವರದಿಂದ ಶಿಗ್ಲಿ ಬಹಳ ದೂರವಲ್ಲ. ಅವೊತ್ತು ಮಾತ್ರ ಬಸ್ಸು ಸ್ವಲ್ಪ ನಿಧಾನವಾಗಿ ಹೋಗಲಿ ಅನ್ನಿಸಿತು.